ಪುಕ್ಕಟೆ ಕೊಟ್ಟ ಡೇರೆ ಗೆಡ್ಡೆ 180 ರೂಪಾಯಿಗೆ ಮಾರಾಟಕ್ಕಿದೆ, ಇದು ಸರಿನಾ?

ಹಿತ್ತಲಗಿಡ:
ಎಲ್ರಿಗೂ ನಮಸ್ಕಾರ. ಬರೀಲೋ ಬೇಡ್ವೋ ಅಂತ ಎರಡು ದಿನ ಒದ್ದಾಡಿ ಬರೀತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

ನಮ್ಮತ್ತೆ ಮನೆ ಸಾಗರದ ಹತ್ರ ಒಂದು ಹಳ್ಳಿ. ಮಳೆಗಾಲ ಬಂತಂದ್ರೆ ಅಂಗಳದ ತುಂಬ ಡೇರೆ ಹೂ (ಡೇಲಿಯಾ), ಏನಿಲ್ಲಾಂದ್ರೂ 20 ಬಣ್ಣ. ಅದ್ರಲ್ಲಿ ಒಂದು ಕಡುಗೆಂಪು, ಎಸಳಿನ ತುದಿ ಮಾತ್ರ ಬೆಳ್ಳಗೆ. ಎಸಳಿಗೆ ಅಕ್ಕಿ ಅಂಟಿಸಿದ ಹಾಗೆ ಕಾಣತ್ತೆ ಅಂತ ಅತ್ತೆ ಅದನ್ನ 'ಅಕ್ಕಿಕಾಳು' ಅಂತಾರೆ. ಅವರಿಗೆ ಅದು ತವರಿಂದ ಬಂದಿದ್ದು, ಅವರಮ್ಮನಿಗೆ ಯಾರೋ ನೆಂಟರ ಮನೆಯಿಂದ. ಮೂರು ವರ್ಷದ ಹಿಂದೆ ನಾನು ಆರು ಗೆಡ್ಡೆ ಪೇಪರಲ್ಲಿ ಸುತ್ಕೊಂಡು ಬೆಂಗಳೂರಿಗೆ ತಂದು ಬಾಲ್ಕನೀಲಿ ಕುಂಡಕ್ಕೆ ಹಾಕ್ದೆ, ನಾಲ್ಕು ಜೀವ ಹಿಡೀತು. ಮರುವರ್ಷ ನಮ್ಮ ಏರಿಯಾ ಗಿಡದ ಗುಂಪಲ್ಲಿ ಒಬ್ಬರು ತುಂಬ ಆಸೆಪಟ್ಟು ಕೇಳಿದ್ರು ಅಂತ ಎರಡು ಗೆಡ್ಡೆ ಕೊಟ್ಟೆ. ಪುಕ್ಕಟೆ.

ಮೊನ್ನೆ ಬೇರೆ ಒಂದು ವಾಟ್ಸಾಪ್ ಗುಂಪಲ್ಲಿ ನೋಡ್ತೀನಿ, "ಅಪರೂಪದ ಮಲೆನಾಡು ಡೇರೆ, ಗೆಡ್ಡೆಗೆ 180 ರೂಪಾಯಿ, ಕೊರಿಯರ್ ಬೇರೆ". ಫೋಟೋ ದೊಡ್ಡದು ಮಾಡಿದ್ರೆ ಅಕ್ಕಿಕಾಳು! ಅದೂ ಹೋಗ್ಲಿ, ಹಿಂದ್ಗಡೆ ನಮ್ಮನೆ ಬಾಲ್ಕನಿ ಗ್ರಿಲ್ಲು, ನಮ್ಮನೆ ನೀಲಿ ಡ್ರಮ್ಮು, ನಮ್ಮೆಜಮಾನ್ರು ಒಣಹಾಕಿದ ಬನಿಯನ್ನು. ನಾನೇ ಗುಂಪಲ್ಲಿ ಹಾಕಿದ್ದ ಫೋಟೋ ಅದು.

ನಾನು ದುಡ್ಡು ಕೇಳ್ತಿಲ್ಲ. ಆದ್ರೆ ಹೊಟ್ಟೇಲಿ ಏನೋ ಚುರ್ ಅಂತು. ಕೊಟ್ಟ ಗಿಡ ಮಾರೋದು ಸರಿನಾ? ಇಲ್ಲಾ ನಾನೇ ಅತಿ ಮಾಡ್ತಿದೀನಾ?

ಮೂವತ್ತು ನಲವತ್ತು:
ಬನಿಯನ್ನೂ ಸೇರಿ 180ಆ? ಹಂಗಾದ್ರೆ ಅಗ್ಗವೇ ಬಿಡಿ ಹಹಹ

ಮಂಡ್ಯದ ಗದ್ದೆ:
ಕೊಟ್ಮೇಲೆ ಮುಗೀತು ಕಣಕ್ಕ. ದಾನ ಕೊಟ್ಟ ಹಸಿನ ಹಲ್ಲು ಎಣಿಸ್ಬಾರ್ದು ಅಂತ ಇಸ್ಕೊಂಡೋರ್ಗೆ ಹೇಳ್ತಾರೆ. ಕೊಟ್ಟೋರು ಹಾಲಿನ ಲೆಕ್ಕ ಕೇಳ್ಬಾರ್ದು ಅಂತ ನಾನು ಸೇರುಸ್ತೀನಿ. ಎಲ್ಡು ಗೆಡ್ಡೆ ಎಲ್ಡು ವರ್ಸ ಸಾಕಿ ಮಾರ್ಕಂಡ್ರೆ ಅದು ಔರ ಬೆವರು. ಫೋಟೋ ಮಾತ್ರ ತಪ್ಪು, ಅದ್ನ ಕೇಳಿ.

ಮೌನಿ:
ಫೋಟೋ ತಪ್ಪು. ಗೆಡ್ಡೆ ತಪ್ಪಲ್ಲ.

ಸಿರಸಿಸೀಮೆ:
ನಾನು ಸಿರಸಿ ಹತ್ರದವಳು, ವಯಸ್ಸು 60 ದಾಟಿದೆ, ಡೇರೆ ವಿಷ್ಯ ಅಂದ ಕೂಡ್ಲೇ ಕೈ ಸುಮ್ಮನಿರೋದಿಲ್ಲ. ನಮ್ಮಲ್ಲಿ ಗೆಡ್ಡೆಗೆ ದುಡ್ಡು ಇಸ್ಕೊಳ್ಳೋ ರೂಢಿ ಇರ್ಲಿಲ್ಲ, ಹಾಗಂತ ಪುಕ್ಕಟೆ ಅಂತನೂ ಇರ್ಲಿಲ್ಲ. ಮದುವೆ ಮನೆಗೋ ಉಪನಯನಕ್ಕೋ ಹೋದ್ರೆ ಊಟ ಆದ್ಮೇಲೆ ಹೆಂಗಸರೆಲ್ಲ ಅಂಗಳದ ಸುತ್ತವೇ. ಇದು ನಿನ್ನ ಹತ್ರ ಇದೆಯಾ, ಅದು ಇದೆಯಾ ಅಂತ ಕೇಳ್ಕೊಂಡು, ಬರುವಾಗ ಚೀಲದಲ್ಲಿ ಎರಡು ಕವರ್ ಗೆಡ್ಡೆ. ಮುಂದಿನ ಸಲ ಅವರು ನಮ್ಮನೆಗೆ ಬಂದಾಗ ಅವರ ಹತ್ರ ಇಲ್ಲದ ಬಣ್ಣ ಅಗೆದು ಕೊಡ್ಬೇಕು. ಕೊಡದಿದ್ರೆ ಯಾರೂ ಬಾಯಿಬಿಟ್ಟು ಏನೂ ಹೇಳೋದಿಲ್ಲ, ಆದ್ರೆ ಆಮೇಲೆ ನೀವು ಕೇಳಿದ ಬಣ್ಣಕ್ಕೆಲ್ಲ "ಅಯ್ಯೋ ಅದು ಈ ವರ್ಷ ಕೊಳೆತೇ ಹೋಯ್ತು ಮಾರಾಯ್ತಿ" ಅಂತ ಉತ್ತರ ಬರ್ತದೆ. ಕೊಳೆತಿರೋದಿಲ್ಲ.

ಈಗ ಕಾಲ ಬದಲಾಗಿದೆ, ಮಾರ್ತಾರೆ. ಸಿರಸಿಯ ವನಸ್ತ್ರೀ ಅನ್ನೋ ಸಂಘದ ಹೆಂಗಸರು ನಡೆಸೋ ಮಲೆನಾಡು ಮೇಳದಲ್ಲಿ ಬೀಜ, ಗೆಡ್ಡೆ, ಹೂವಿನ ಗಿಡ ದುಡ್ಡಿಗೇ ಸಿಗ್ತದೆ, ನಾನೂ ಚೌಕಾಸಿ ಮಾಡಿ ತಂದಿದ್ದೇನೆ. ಹಳ್ಳಿ ಹೆಂಗಸಿಗೆ ಕೈಲಿ ನಾಲ್ಕು ಕಾಸು ಆಗೋದಾದ್ರೆ ಆಗ್ಲಿ, ಅದು ತಪ್ಪು ಅಂತ ನಾನು ಹೇಳೋದಿಲ್ಲ.

ಮತ್ತೆ ಒಂದು ಮಾತು. 2019ರ ಆಗಸ್ಟ್ ಮಳೆ ನಮ್ಮ ಕಡೆಯವರಿಗೆ ಮರೆಯೋ ಹಾಗಿಲ್ಲ. ನಮ್ಮ ಅಂಗಳದಲ್ಲಿ ನೀರು ನಿಂತು ಒಂದೂ ಗೆಡ್ಡೆ ಉಳೀಲಿಲ್ಲ, ಹಿಚುಕಿದ್ರೆ ಬೇಯಿಸಿದ ಗೆಣಸಿನ ಹಾಗೆ. ದೀಪಾವಳಿ ಕಳೆದ ಮೇಲೆ ನಾನು ಯಾರ್ಯಾರಿಗೆ ಕೊಟ್ಟಿದ್ದೆನೋ ಅವರ ಮನೆಗೆಲ್ಲ ತಿರುಗಿ 11 ಬಣ್ಣ ವಾಪಸ್ ತಂದೆ. ಯಾರಿಗೂ ಕೊಡಬಾರದು ಅಂತ ಬಚ್ಚಿಟ್ಟುಕೊಂಡಿದ್ದ ಒಂದು ಬಿಳಿ ಇತ್ತು, ಅದು ಮಾತ್ರ ಹೋದದ್ದು ಹೋಯ್ತು.

ಧಾರವಾಡದಾಂವ:
ನಡಕ ಬಾಯಿ ಹಾಕೂದಕ್ಕ ಕ್ಷಮಿಸ್ರಿ. ನಮ್ಮ ದಾಸವಾಳಕ್ಕ ಬಿಳೇ ಹತ್ತಿ ಹಂಗ ಏನೋ ಹತ್ತೇತ್ರಿ, ಕುಡಿ ಎಲ್ಲಾ ಮುದುಡಿ ಹೊಂಟಾವು. ಯಾರರ ಔಷಧ ಹೇಳ್ರಿ.

ಹಸಿರು ಲೆಕ್ಕಿಗ:
ಭಾವನೆ ಎಲ್ಲ ಸರಿ, ಕಾನೂನು ಏನು ಹೇಳತ್ತೆ ನೋಡಿ. ಡೇರೆ ಮಲೆನಾಡಿನ ದೇಸಿ ತಳಿ. ಇದಕ್ಕೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಮಾಡಿಸಿದ್ರೆ ಹೊರಗಿನವರು ಯಾರೂ ಬೆಳೆಯೋ ಹಾಗೂ ಇಲ್ಲ, ಮಾರೋ ಹಾಗೂ ಇಲ್ಲ. ಉಡುಪಿ ಕಡೆಯ ಮಟ್ಟುಗುಳ್ಳ ಬದನೆಗೆ ಜಿಐ ಬಂದ್ಮೇಲೆ ಬೇರೆ ಊರಲ್ಲಿ ಬೀಜ ಹಾಕಿದ್ರೆ ಕೇಸು. ಸೇಮ್ ರೂಲ್.

ಕಟಪಾಡಿ ಕಡೆಯವ:
ಎಂತ ಕೇಸು ಮಾರಾಯ್ರೆ? ಮಟ್ಟು ನಮ್ಮ ಮನೆಯಿಂದ ಸೈಕಲ್ಲಲ್ಲಿ ಹೋಗುವಷ್ಟು ದೂರ. ನಾನೇ ನಮ್ಮ ಅಂಗಳದಲ್ಲಿ ಗುಳ್ಳ ಬೆಳೆಸ್ತೇನೆ, ಪೊಲೀಸ್ ಬರ್ಲಿಲ್ಲ. ಆದ್ರೆ ನಮ್ಮ ಮಣ್ಣಿಗೆ ಆ ರುಚಿ ಬರುವುದಿಲ್ಲ, ಅದೇ ನಮಗೆ ಶಿಕ್ಷೆ.

ಮತ್ತೆ ಮಟ್ಟುಗುಳ್ಳದ ಕತೆಯೇ ಬೀಜ ಕೊಟ್ಟ ಕತೆ. ವಾದಿರಾಜ ಸ್ವಾಮಿಗಳು ಊರಿನವರಿಗೆ ಬೀಜ ಕೊಟ್ಟದ್ದು ಅಂತ ನಂಬಿಕೆ ಉಂಟು, ಈಗಲೂ ಪರ್ಯಾಯಕ್ಕೆ ಹೊರೆಕಾಣಿಕೆಯಲ್ಲಿ ಕೃಷ್ಣ ಮಠಕ್ಕೆ ಗುಳ್ಳ ಹೋಗ್ತದೆ. ಕೊಟ್ಟವರೇ ಕೇಸ್ ಹಾಕ್ಲಿಲ್ಲ, ನೀವು ಎಂತ ಹಾಕುದು.

ಎಲೆಚುಕ್ಕಿ:
ಲೆಕ್ಕಿಗರೇ, ಮೂರು ತಪ್ಪು ಇದೆ, ಬೇಜಾರಾಗ್ಬೇಡಿ (ತೋಟಗಾರಿಕೆ ಓದಿದ್ದು ಇಂಥಾ ಕಡೆ ಜಗಳ ಆಡೋಕಾದ್ರೂ ಉಪಯೋಗಕ್ಕೆ ಬರ್ಲಿ).

ಮೊದಲನೇದು, ಡೇರೆ ದೇಸಿ ಅಲ್ಲ. ಮೂಲ ಮೆಕ್ಸಿಕೋ, ಅಲ್ಲಿನ ರಾಷ್ಟ್ರೀಯ ಹೂವೇ ಅದು. ಸ್ವೀಡನ್ನಿನ ಆಂಡರ್ಸ್ ಡಾಲ್ ಅನ್ನೋ ಸಸ್ಯಶಾಸ್ತ್ರಜ್ಞನ ಹೆಸರಿಟ್ಟು ಡೇಲಿಯಾ ಅಂದ್ರು, ನಮ್ಮವರ ನಾಲಿಗೇಲಿ ಅದು ಡೇರೆ ಆಯ್ತು. ಎರಡನೇದು, ಜಿಐ ಅನ್ನೋದು ಹೆಸರಿಗೆ ಸಿಗೋ ರಕ್ಷಣೆ. ಎಲ್ಲೋ ಬೆಳೆದ ಬದನೆಕಾಯಿಗೆ 'ಮಟ್ಟುಗುಳ್ಳ' ಅಂತ ಬೋರ್ಡ್ ಹಾಕಿ ಮಾರಿದ್ರೆ ತಪ್ಪು, ಬೀಜ ಹಾಕಿ ಬೆಳೆದು ಹುಳಿ ಮಾಡ್ಕೊಂಡು ತಿಂದ್ರೆ ಯಾರ ಅಪ್ಪಣೇನೂ ಬೇಡ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಜಿಐ ಇದೆ, ಹಾಗಂತ ನಿಮ್ಮನೆ ಕುಂಡದ ಮಲ್ಲಿಗೆ ಕಿತ್ಕೊಂಡು ಹೋಗ್ತಾರಾ? ಮೂರನೇದು, ತಳಿ ಹಕ್ಕಿಗೆ ಬೇರೆ ಕಾಯ್ದೆ ಇದೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದ್ರಲ್ಲೂ ರೈತ ತಾನು ಬೆಳೆದ ಬೀಜ ಇಟ್ಕೋಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಸಂರಕ್ಷಿತ ತಳಿ ಆಗಿದ್ರೆ ಬ್ರಾಂಡ್ ಹಾಕಿ ಮಾತ್ರ ಮಾರೋ ಹಾಗಿಲ್ಲ. ಅಕ್ಕಿಕಾಳನ್ನ ಯಾರೂ ನೋಂದಾಯಿಸಿಲ್ಲ. ಹಾಗಾಗಿ ಹಿತ್ತಲಗಿಡ ಅವರೇ, ಕಾನೂನಿನ ಬಾಗಿಲು ಬಡಿಯೋದು ಬೇಡ.

ಹಸಿರು ಲೆಕ್ಕಿಗ:
ಮೆಣಸಿನಕಾಯಿ ಕೂಡ ಹೊರಗಿಂದ ಬಂದಿದ್ದೇ ಸಾರ್, ಹಾಗಂತ ಬ್ಯಾಡಗಿ ನಮ್ಮದಲ್ವಾ? ನೂರು ವರ್ಷ ಇಲ್ಲೇ ಬೆಳೆದ್ರೆ ದೇಸಿನೇ.

ಎಲೆಚುಕ್ಕಿ:
ಅದು ಒಳ್ಳೇ ವಾದ, ಒಪ್ದೆ. ಮೊದಲು ಹೇಳಿದ್ದು ಮಾತ್ರ ಒಪ್ಪಲ್ಲ.

ಮೂವತ್ತು ನಲವತ್ತು:
ಒಂದ್ನಿಮಿಷ, ಕಡುಗೆಂಪು, ತುದಿ ಬಿಳಿ... ನಾನೂ ಹೋದ ವರ್ಷ ಇಂಥದ್ದೇ ಒಂದು ಜಾಹೀರಾತು ನೋಡಿ ಎರಡು ಗೆಡ್ಡೆ ತಗೊಂಡಿದ್ದೆ! ಒಂದು ಕೊಳೀತು, ಇನ್ನೊಂದು ಹೂ ಬಿಡ್ತು, ನೋಡಿದ್ರೆ ಬರೀ ಕೆಂಪು, ಅಕ್ಕಿನೂ ಇಲ್ಲ ಕಾಳೂ ಇಲ್ಲ. ಮೋಸ ಹೋದೆ ಅಂತ ಸುಮ್ಮನಾದೆ. ಹೆಂಡತಿಗೆ 40 ರೂಪಾಯಿ ಅಂತ ಹೇಳಿದೀನಿ, ಇಲ್ಲಿ ಯಾರೂ ಬಾಯಿ ಬಿಡ್ಬೇಡಿ.

ಎಲೆಚುಕ್ಕಿ:
ಅದು ಮೋಸನೇ ಆಗ್ಬೇಕಿಲ್ಲ. ಎರಡು ಬಣ್ಣದ ಡೇರೆ ನಂಬೋ ಹಾಗಿಲ್ಲ, ಒಂದೇ ಗಿಡದಲ್ಲಿ ಒಂದು ಹೂ ತುದಿ ಬಿಳಿ ಇದ್ರೆ ಇನ್ನೊಂದು ಪೂರ್ತಿ ಕೆಂಪು ಬರತ್ತೆ. ಗೆಡ್ಡೆ ಬಿಸಾಡ್ಬೇಡಿ, ಈ ಸಲ ನೋಡಿ. ಬೀಜದಿಂದ ಮಾಡಿದ್ರೆ ಮಾತ್ರ ಏನು ಬರತ್ತೆ ಅಂತ ಬ್ರಹ್ಮನಿಗೂ ಗೊತ್ತಿರಲ್ಲ, ಗೆಡ್ಡೆಯಿಂದ ಆದ್ರೆ ತಾಯಿ ಗಿಡವೇ.

ಮತ್ತೆ ಗೆಡ್ಡೆ ತಗೊಳ್ಳುವಾಗ ಕಣ್ಣು ಇದೆಯಾ ನೋಡಿ. ಆಲೂಗಡ್ಡೆಗಾದ್ರೆ ಮೈಯೆಲ್ಲ ಕಣ್ಣು, ಡೇರೆಗೆ ಹಾಗಲ್ಲ, ಹಳೇ ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆ ಹತ್ರ ಮಾತ್ರ ಮೊಳಕೆ ಬರೋದು. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪ ಇದ್ರೂ ಅದು ಬರೀ ಗೆಡ್ಡೆ.

ಸಿರಸಿಸೀಮೆ:
ಇದನ್ನೇ ಹೇಳ್ಬೇಕಂತಿದ್ದೆ. ಪೇಟೆಯವರು ಗೆಡ್ಡೆ ಕಿತ್ತು ಒಂದೊಂದೇ ಬಿಡಿಸಿ ಸೌತೆಕಾಯಿ ತೊಳೆದ ಹಾಗೆ ತೊಳೆದು ಕವರಲ್ಲಿ ಕಟ್ಟಿ ಇಡ್ತಾರೆ, ಆಮೇಲೆ ಕೊಳೀತು ಅಂತಾರೆ. ಗಿಡ ತಾನಾಗೇ ಒಣಗಿದ ಮೇಲೆ ಕಾಂಡ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಹಿಂಡು ಹಿಂಡಾಗೇ ಕಿತ್ತು, ಮಣ್ಣು ಕೊಡವಿ, ನೆರಳಲ್ಲಿ ಒಣಗಿಸಿ, ಒಲೆ ಬೂದಿಯಲ್ಲೋ ಒಣ ಮರಳಲ್ಲೋ ಇಡಿ. ಮೇ ತಿಂಗಳ ಒಂದೆರಡು ಗುಡುಗು ಮಳೆಗೆ ತಾನೇ ಕಣ್ಣು ಬಿಡ್ತದೆ. ಆವಾಗ ಬಿಡಿಸಿ ನೆಡೋದು. ಕುಂಡದ ತಳಕ್ಕೆ ಹಂಚಿನ ಚೂರು ಹಾಕೋದು ಮರೀಬೇಡಿ, ನೀರು ನಿಂತರೆ ಕತೆ ಮುಗೀತು.

ಧಾರವಾಡದಾಂವ:
ದಾಸವಾಳದ ಔಷಧ ಯಾರೂ ಹೇಳ್ಲಿಲ್ರಿ.

ಕ್ಯಾಲಿಫೋರ್ನಿಯಾ ಕರಿಬೇವು:
ಇಷ್ಟು ದಿನ ಬರೀ ಓದ್ತಿದ್ದೆ, ಡೇರೆ ಅಂದ್ಮೇಲೆ ತಡಕೊಳ್ಳೋಕಾಗ್ಲಿಲ್ಲ. ನನ್ನ ತವರು ತೀರ್ಥಹಳ್ಳಿ. ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಧಿಕೃತ ಹೂವು ಡೇರೆ ಅಂದ್ರೆ ನಂಬ್ತೀರಾ? 1926ರಿಂದ! ಗೋಲ್ಡನ್ ಗೇಟ್ ಪಾರ್ಕಲ್ಲಿ ಡೇರೆಗೇ ಅಂತ ಒಂದು ತೋಟ ಇದೆ, ಮೊದಲ ಸಲ ಹೋದಾಗ ನಾನು ಅಜ್ಜಿ ಮನೆ ಅಂಗಳ ನೆನಪಾಗಿ ಅತ್ತುಬಿಟ್ಟೆ, ಗಂಡ ಪೋಲೆನ್ ಅಲರ್ಜಿ ಅಂದ್ಕೊಂಡು ಮಾತ್ರೆ ತೆಗೆದುಕೊಟ್ರು. ಡೇರೆ ಸಂಘದವರು ಪ್ರತಿ ವಸಂತಕ್ಕೆ ಗೆಡ್ಡೆ ಮಾರಾಟ ಇಡ್ತಾರೆ, ಬಂದ ದುಡ್ಡು ಸಂಘಕ್ಕೆ. ಒಂದೊಂದು ಗೆಡ್ಡೆ ಮೇಲೂ ಪೆನ್ನಲ್ಲಿ ಹೆಸರು ಬರೆದಿರ್ತಾರೆ. ಯಾರು ಆ ತಳಿ ಮಾಡಿದ್ರೋ ಅವರಿಟ್ಟ ಹೆಸರೇ, ಯಾರ ಕೈಗೆ ಹೋದ್ರೂ ಬದಲಾಯಿಸೋ ಹಾಗಿಲ್ಲ.

ಹಂಚೋದ್ರಲ್ಲಿ ಇಲ್ಲಿ ಬೇರೇನೇ ತಲೆನೋವು. ಕನ್ನಡದವರು ಸೇರಿದ್ರೆ ಮೊದಲು ಕೇಳೋದು ಕರಿಬೇವಿನ ಸಸಿ. ಆದ್ರೆ ಸಿಟ್ರಸ್ ಕ್ವಾರಂಟೈನ್ (ನಿಂಬೆ, ಕಿತ್ತಳೆ ಜಾತಿ ಗಿಡ ಸಾಗಿಸೋಕೆ ನಿರ್ಬಂಧ) ಇರೋ ಜಾಗದಿಂದ ಕರಿಬೇವಿನ ಗಿಡ ಆಚೆ ಒಯ್ಯೋ ಹಾಗಿಲ್ಲ. ಗೆಳತಿಗೆ ಅಂತ ಎರಡು ವರ್ಷ ಬೆಳೆಸಿದ ಸಸಿ ಇಲ್ಲೇ ಕೂತಿದೆ, ಅವಳು ಬೇರೆ ಕೌಂಟಿಗೆ ಮನೆ ಬದಲಾಯಿಸಿದ್ಳು.

ಮೌನಿ:
ಕರಿಬೇವಿಗೂ ಕಿತ್ತಳೆಗೂ ಏನು ಸಂಬಂಧ??

ಎಲೆಚುಕ್ಕಿ:
ಒಂದೇ ಕುಟುಂಬ. ಸಿಟ್ರಸ್ ಸಿಲ್ಲಾ ಅಂತ ಸಣ್ಣ ಕೀಟ, ಕರಿಬೇವಿನ ಚಿಗುರು ಅಂದ್ರೆ ಅದಕ್ಕೆ ಪ್ರಾಣ. ಕರಿಬೇವಿಗೆ ನಿಂಬೆ ಜಾತಿಯ ಗ್ರೀನಿಂಗ್ ರೋಗ ಬರಲ್ಲ, ಆದ್ರೆ ಗಿಡದ ಜೊತೆ ಕೀಟ ಹೋಗತ್ತೆ, ಕೀಟ ನಿಂಬೆ, ಕಿತ್ತಳೆಗೆ ರೋಗ ಹಚ್ಚತ್ತೆ. ನಮ್ಮಲ್ಲಿ ಗಿಡ ಕೊಡುವಾಗ ಈ ಯೋಚನೆ ಯಾರೂ ಮಾಡಲ್ಲ. ಪಪ್ಪಾಯಿ ಹಿಟ್ಟು ತಿಗಣೆ (ಮೀಲಿಬಗ್ ಅನ್ನೋ ಬಿಳಿ ಕೀಟ) ಮೆಕ್ಸಿಕೋ ಕಡೆಯದ್ದು, 2008ರಲ್ಲಿ ಮೊದಲು ಕೊಯಮತ್ತೂರಲ್ಲಿ ಕಾಣಿಸ್ಕೊಂಡು ನೋಡ್ನೋಡ್ತಾ ಕರ್ನಾಟಕಕ್ಕೂ ಬಂತು. ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಎಲ್ಲ ಬೆಳ್ಳಗಾಗಿ ಹೋಯ್ತು. ಔಷಧ ಹೊಡೆದೂ ಹೊಡೆದೂ ಸಾಕಾಗಿ, ಕೊನೆಗೆ 2010ರಲ್ಲಿ ಅದರ ಹೊಟ್ಟೇಲೇ ಮೊಟ್ಟೆ ಇಡೋ ಒಂದು ಪುಟಾಣಿ ಕಣಜ ತರಿಸಿ ಬೆಂಗಳೂರಿನ ಸಂಸ್ಥೇಲಿ ಬೆಳೆಸಿ ಬಿಟ್ಟ ಮೇಲೆ ಹತೋಟಿಗೆ ಬಂತು.

ಹಾಗಾಗಿ ಯಾರೇ ಗಿಡ ಕೊಟ್ರೂ, ನಿಮ್ಮ ಅಕ್ಕನೇ ಕೊಟ್ರೂ, 15 ದಿನ ಬೇರೆ ಕಡೆ ಇಟ್ಟು ಆಮೇಲೆ ಉಳಿದ ಗಿಡಗಳ ಹತ್ರ ಸೇರಿಸಿ.

ಧಾರವಾಡದಾಂವ:
ಸರ, ದಾಸವಾಳ ಬೆಳ್ಳಗ ಅಂದ್ರಲ್ಲ, ನಮ್ದೂ ಅದ ಇರಬೇಕ್ರಿ!! ಕಣಜ ಎಲ್ಲಿ ಸಿಗತಾವ್ರಿ?

ಮೂವತ್ತು ನಲವತ್ತು:
ನನಗೆ ಗಿಡದ ಜೊತೆ ಬಸವನಹುಳು ಬಂತು. ದೈತ್ಯ ಆಫ್ರಿಕನ್ ಅಂತಾರಲ್ಲ, ಅದು. ಯಾರೋ ಪಾಪ ಪ್ರೀತಿಯಿಂದ ಮಣ್ಣು ಸಮೇತ ಸುಗಂಧಿ ಗೆಡ್ಡೆ ಕೊಟ್ರು, ಮಣ್ಣಲ್ಲಿ ಮೊಟ್ಟೆ ಇತ್ತು ಅನ್ಸತ್ತೆ. ಒಂದೇ ಮಳೆಗಾಲಕ್ಕೆ ಮೂರನೇ ಮಹಡಿ ತಾರಸೀಲಿ ಒಂದು ಬಕೆಟ್ ಬಸವನಹುಳು. ರಾತ್ರಿ ಟಾರ್ಚ್ ಹಿಡ್ಕೊಂಡು ಆರಿಸೋದು, ಪಕ್ಕದ್ಮನೆಯವರು ಕಳ್ಳ ಅಂತ ಒಂದ್ಸಲ ಕೂಗಿದಾರೆ.

ಕಟಪಾಡಿ ಕಡೆಯವ:
ಒದ್ದೆ ಗೋಣಿ ಹಾಸಿ ಅದರ ಅಡಿಯಲ್ಲಿ ಪಪ್ಪಾಯಿ ಎಲೆ ಇಡಿ, ಬೆಳಿಗ್ಗೆ ಎಲ್ಲ ಅಲ್ಲೇ ಮೀಟಿಂಗ್ ಮಾಡ್ತಾ ಇರ್ತಾವೆ. ಬರಿಗೈಯಲ್ಲಿ ಮುಟ್ಟಬೇಡಿ ಆಯ್ತಾ, ಅದರಲ್ಲಿ ಮನುಷ್ಯರಿಗೆ ತಾಗುವ ಹುಳ ಇರ್ತದೆ.

ಮಾರುವ ವಿಷಯಕ್ಕೆ ನನ್ನದೊಂದು. ಶಂಕರಪುರ ಮಲ್ಲಿಗೆ ನಮ್ಮ ಕಡೆ ಎಷ್ಟೋ ಮನೆಗಳ ಅನ್ನ. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ, ಅಟ್ಟೆಗೆ ದಿನಕ್ಕೊಂದು ರೇಟು. ಅಂಥಾ ಮಲ್ಲಿಗೆಯ ಗೆಲ್ಲು (ಕೊಂಬೆ) ಕೇಳಿದ್ರೆ ನನ್ನ ಅಮ್ಮ ಇವತ್ತಿಗೂ ಇಲ್ಲ ಅನ್ನುವುದಿಲ್ಲ. ಹೂವಿಗೆ ದುಡ್ಡು, ಗೆಲ್ಲಿಗೆ ದುಡ್ಡು ಇಲ್ಲ. ಯಾಕೆ ಅಂತ ಕೇಳಿದ್ದಕ್ಕೆ "ಗೆಲ್ಲು ಮಾರಿದವರ ಗಿಡ ಹೂ ಬಿಡುವುದಿಲ್ಲ" ಅಂದ್ರು. ಸುಳ್ಳೇ ಇರ್ಬಹುದು.

ಮಂಡ್ಯದ ಗದ್ದೆ:
ನಮ್ ಕಡೆ ಕದ್ದ ಗಿಡ ಚೆಂದಾಗಿ ಬತ್ತದೆ ಅಂತಾರೆ. ಮನಿಪ್ಲಾಂಟ್ ಅಂತೂ ಕದೀಲೇಬೇಕು ಅಂತಾರಲ್ಲ. ನಮ್ಮವ್ವ ಬಸ್ಸಲ್ ಹೋಗ್ತಾ ಸ್ಟಾಪಲ್ಲಿ ಇಳ್ದು ಯಾರ್ದೋ ಕಾಂಪೌಂಡಿಂದ ದಾಸವಾಳದ ಕಡ್ಡಿ ಮುರ್ಕಂಡು ಮುಂದಿನ ಬಸ್ಸಲ್ ಬಂದೋಳು.

ಸಿರಸಿಸೀಮೆ:
ಕದ್ದ ಗಿಡ ಬದುಕೋದು ಯಾಕೆ ಗೊತ್ತಾ, ಕದ್ದವರು ಕೇಳಿ ತಂದವರಿಗಿಂತ ಜಾಸ್ತಿ ನೀರು ಹಾಕ್ತಾರೆ. ಪಾಪಪ್ರಜ್ಞೆ.

ಮೌನಿ:
ಬ್ರಹ್ಮಕಮಲದ ಎಲೆ ಯಾರ ಹತ್ರ ಆದ್ರೂ ಇದ್ಯಾ? 12 ವರ್ಷಕ್ಕೊಮ್ಮೆ ಹೂ ಬಿಡೋದು.

ಎಲೆಚುಕ್ಕಿ:
12 ವರ್ಷ ಎಲ್ಲಾ ಇಲ್ಲ, ಗಿಡ ಬಲಿತ ಮೇಲೆ ವರ್ಷಕ್ಕೆ ಎರಡು ಮೂರು ಸಲನೂ ಬಿಡತ್ತೆ. ಅದು ನಿಜವಾದ ಬ್ರಹ್ಮಕಮಲನೂ ಅಲ್ಲ, ಆ ಹೆಸರಿನ ಹೂ ಹಿಮಾಲಯದ್ದು. ನಮ್ಮ ಮನೆಗಳಲ್ಲಿರೋದು ಅಮೆರಿಕ ಖಂಡದ ಕಳ್ಳಿ ಜಾತಿ.

ಮೌನಿ:
ಗೊತ್ತಾಯ್ತು. ಎಲೆ ಇದ್ಯಾ?

ಡೇರೆ ಬುಟ್ಟಿ:
ನಮಸ್ಕಾರ. ಆ 180 ರೂಪಾಯಿಯವಳು ನಾನೇ. ಯಾರೋ ಲಿಂಕ್ ಕಳಿಸಿದ್ರು. ಮೂರು ದಿನದಿಂದ ಓದ್ತಾ ಇದೀನಿ, ಇನ್ನು ಸುಮ್ಮನಿದ್ರೆ ಕಳ್ಳಿ ಅಂತಲೇ ಆಗತ್ತೆ. ಬ್ರಹ್ಮಕಮಲದ ಕಳ್ಳಿ ಅಲ್ಲ.

ಫೋಟೋ ನನ್ನ ತಪ್ಪು. ನನ್ನ ಗಿಡದಲ್ಲಿ ಹೋದ ಸಲ ಮಳೆ ಹೊಡೆತಕ್ಕೆ ಒಳ್ಳೇ ಫೋಟೋ ಸಿಗ್ಲಿಲ್ಲ, ಗ್ಯಾಲರೀಲಿ ನಿಮ್ಮದಿತ್ತು, ಹಾಕ್ದೆ. ಬನಿಯನ್ ಸತ್ಯವಾಗ್ಲೂ ನೋಡಿರ್ಲಿಲ್ಲ. ಈಗ ತೆಗೆದಿದೀನಿ.

ಗೆಡ್ಡೆ ವಿಷ್ಯಕ್ಕೆ ಬರೋಣ. ನೀವು ಕೊಟ್ಟಿದ್ದು ಎರಡು, ಅದ್ರಲ್ಲಿ ಒಂದಕ್ಕೆ ಕಣ್ಣೇ ಇರ್ಲಿಲ್ಲ, ಆಗ ನಾನು ಹೇಳೋಕೆ ಹೋಗ್ಲಿಲ್ಲ. ಉಳಿದ ಒಂದು ಗೆಡ್ಡೆ ಚಿಗುರಿದಾಗ ಮೂರ್ನಾಲ್ಕು ಇಂಚಿನ ಕುಡಿ ಕತ್ತರಿಸಿ, ಕೋಕೋಪೀಟಲ್ಲಿ (ತೆಂಗಿನ ನಾರಿನ ಪುಡಿ) ಊರಿ, ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ, ದಿನಾ ಮಗು ನೋಡಿದ ಹಾಗೆ ನೋಡ್ಕೊಂಡು ಐದು ಗಿಡ ಮಾಡ್ಕೊಂಡೆ. ಎರಡು ವರ್ಷದಲ್ಲಿ ಅದು 20 ಗೆಡ್ಡೆ ಆಯ್ತು. 180ರಲ್ಲಿ ಡಬ್ಬ, ಮರದಪುಡಿ, ಪ್ಯಾಕಿಂಗ್, ದಾರೀಲಿ ಕೊಳೆತರೆ ಇನ್ನೊಂದು ಪುಕ್ಕಟೆ ಕಳಿಸೋದು ಎಲ್ಲ ಸೇರಿದೆ. ಮೂವತ್ತು ನಲವತ್ತು ಅವರೇ, ನೀವು ನನ್ನ ಹತ್ರವೇ ತಗೊಂಡಿದ್ರೆ ಕೊಳೆತಿದ್ದಕ್ಕೆ ಕೇಳ್ಬೇಕಿತ್ತು, ಕೊಡ್ತಿದ್ದೆ.

ಮತ್ತೆ ಪುಕ್ಕಟೆ ಅಂದ್ರಲ್ಲ, ಹಿತ್ತಲಗಿಡ ಅವರೇ, ಆವತ್ತು ನಿಮ್ಮ ಕೈಗೆ ನಾನು ಬ್ರಹ್ಮಕಮಲದ ಮೂರು ಎಲೆ, ಚಕ್ರಮುನಿ ಸೊಪ್ಪಿನ ಕಡ್ಡಿ, ಒಂದು ಡಬ್ಬ ಗೊಜ್ಜವಲಕ್ಕಿ ಕೊಟ್ಟಿದ್ದು ನೆನಪಿದ್ಯಾ? ಡಬ್ಬ ಇನ್ನೂ ವಾಪಸ್ ಬಂದಿಲ್ಲ.

ಮಂಡ್ಯದ ಗದ್ದೆ:
ಅಲಲಲಾ ಡಬ್ಬ!!!

ಮೂವತ್ತು ನಲವತ್ತು:
ಈ ಕೇಸ್ ಈಗ ಉಲ್ಟಾ ಹೊಡೀತು.

ಹಿತ್ತಲಗಿಡ:
ಅಯ್ಯೋ. ಡಬ್ಬ ಇದೆ, ಸ್ಟೀಲಿಂದು, ಅದ್ರಲ್ಲಿ ನಾನು ಮೆಂತ್ಯ ಹಾಕಿಟ್ಟಿದೀನಿ, ಈಗ ತಾನೇ ನೋಡ್ದೆ. ಬ್ರಹ್ಮಕಮಲ ಹೋದ ತಿಂಗಳು ಏಳು ಹೂ ಬಿಡ್ತು, ಬಿಲ್ಡಿಂಗ್‌ನವರೆಲ್ಲ ರಾತ್ರಿ ಹನ್ನೊಂದಕ್ಕೆ ನಮ್ಮನೇಲಿ ಕಾಫಿ ಕುಡಿದು ಹೋದ್ರು. ಅದು ನಿಮ್ಮದು ಅನ್ನೋದೇ ಮರೆತು ಹೋಗಿತ್ತು. ಇದನ್ನ ನಾನು ಮೊದಲೇ ಬರೀಬೇಕಿತ್ತು.

ಆದ್ರೂ ಒಂದು ಮಾತು. ಮಾರ್ತೀನಿ ಅಂತ ಒಂದು ಮೆಸೇಜ್ ಹಾಕಿದ್ರೆ ನಾನು ಬೇಡ ಅಂತಿರ್ಲಿಲ್ಲ. 'ಅಪರೂಪದ ಮಲೆನಾಡು ಡೇರೆ' ಅಂತ ಇದೆಯೇ ಹೊರತು ಅಕ್ಕಿಕಾಳು ಅಂತ ಎಲ್ಲೂ ಇಲ್ಲ. ನನಗೆ ಚುರ್ ಅಂದಿದ್ದು ಅಲ್ಲಿ ಅನ್ಸತ್ತೆ.

ಡೇರೆ ಬುಟ್ಟಿ:
ಹೆಸರು ನೀವು ನನಗೆ ಹೇಳಿರ್ಲಿಲ್ಲ. ಈ ಚರ್ಚೆಯಲ್ಲೇ ಮೊದಲು ಓದಿದ್ದು. ಹಾಕ್ತೀನಿ.

ಕ್ಯಾಲಿಫೋರ್ನಿಯಾ ಕರಿಬೇವು:
ಚಕ್ರಮುನಿ ಅಂದ್ರಲ್ಲ, ಯಾರೂ ಅದರ ಹಸಿ ಜ್ಯೂಸ್ ಕುಡೀಬೇಡಿ ದಯವಿಟ್ಟು. ವಿಟಮಿನ್ ಸೊಪ್ಪು ಅಂತ ವಿಡಿಯೋ ನೋಡಿ ನಮ್ಮಣ್ಣ ಶುರು ಮಾಡಿದ್ದ. ತೈವಾನಲ್ಲಿ 1990ರ ದಶಕದಲ್ಲಿ ತೂಕ ಇಳಿಸೋಕೆ ಅಂತ ಹಸಿ ರಸ ಕುಡಿದವರ ಶ್ವಾಸಕೋಶ ಹಾಳಾಗಿತ್ತು. ಯಾವಾಗಾದ್ರೊಮ್ಮೆ ಪಲ್ಯ, ತಂಬುಳಿ ಅಂತ ಬೇಯಿಸಿ ತಿನ್ನಿ ಸಾಕು.

ಸಿರಸಿಸೀಮೆ:
ತಂಬುಳಿಗೆ ಸೊಪ್ಪು ತುಪ್ಪದಲ್ಲಿ ಬಾಡಿಸೋದು ಅದಕ್ಕೇ. ಹಸಿ ರಸ ಕುಡಿ ಅಂತ ನಮ್ಮಲ್ಲಿ ಯಾರೂ ಹೇಳಿಲ್ಲ, ಮೊಬೈಲ್ ಹೇಳಿದ್ದು.

ಹಸಿರು ಲೆಕ್ಕಿಗ:
ಸರಿ, ಹಾಗಾದ್ರೆ ಇಲ್ಲಿ ಒಂದು ನಿಯಮ ಮಾಡೋಣ. ಮಾರಿದ್ರೆ ಮೂಲದವರಿಗೆ ಶೇಕಡಾ 10.

ಮಂಡ್ಯದ ಗದ್ದೆ:
ಮೂಲದೋರು ಯಾರು ಬುದ್ಧಿ? ಅವರತ್ತೆ, ಅತ್ತೆ ಅವ್ವ, ಅವ್ವನ ನೆಂಟ್ರು. ಮೆಕ್ಸಿಕೋಗಂಟ ಮನಿಯಾರ್ಡರ್ ಮಾಡ್ಬೇಕಾಯ್ತದೆ.

ಎಲೆಚುಕ್ಕಿ:
ಧಾರವಾಡದವರೇ, ನಿಮ್ಮನ್ನ ಮರೆತೇಬಿಟ್ವಿ. ಅದು ಹಿಟ್ಟು ತಿಗಣೆ. ಕಣಜ ಅಂಗಡೀಲಿ ಸಿಗಲ್ಲ, ನಿಮ್ಮದು ಅದೇ ಜಾತಿ ತಿಗಣೆ ಅಂತ ನೋಡದೆ ಹೇಳೋಕೂ ಆಗಲ್ಲ. ಮೊದಲು ಮುದುಡಿದ ಕುಡಿ ಎಲ್ಲ ಕತ್ತರಿಸಿ ಕವರಲ್ಲಿ ಕಟ್ಟಿ ಬಿಸಾಕಿ, ತಿಪ್ಪೆಗೆ ಹಾಕ್ಬೇಡಿ. ಪೈಪಲ್ಲಿ ಜೋರಾಗಿ ನೀರು ಹೊಡೀರಿ. ಸಂಜೆ ಹೊತ್ತು ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಕಲಸಿ ಎಲೆ ಅಡಿಗೆಲ್ಲ ಸಿಂಪಡಿಸಿ, ವಾರಕ್ಕೊಮ್ಮೆ, ಮೂರು ವಾರ. ಇರುವೆ ಸಾಲು ಇದ್ಯಾ ನೋಡಿ. ತಿಗಣೆ ಬಿಡೋ ಸಿಹಿಗೆ ಇರುವೆ ಬರತ್ತೆ, ಬಂದು ಅದನ್ನ ಕಾಯತ್ತೆ. ಇರುವೆ ತಡೀದಿದ್ರೆ ಏನು ಹೊಡೆದ್ರೂ ವ್ಯರ್ಥ.

ಧಾರವಾಡದಾಂವ:
ದೊಡ್ಡ ಉಪಕಾರ ಆತ್ರಿ ಸರ. ಇರುವಿ ಸಾಲ ಹಚ್ಚಿ ಹೊಂಟಾವ್ರಿ, ನಾನು ಇರುವೀನ ಹುಳ ತಿನ್ನಾಕ ಬಂದಾವ ಅಂತ ಖುಷಿ ಆಗಿದ್ದೆ.

ಹಿತ್ತಲಗಿಡ:
ನಿನ್ನೆ ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳ್ದೆ. ಸಿಟ್ಟು ಬರತ್ತೆ ಅಂದ್ಕೊಂಡಿದ್ದೆ. ಮೊದಲು ಕೇಳಿದ್ದು "ನೂರಾ ಎಂಬತ್ತಾ? ಒಂದಕ್ಕಾ, ಒಂದು ಹಿಂಡಿಗಾ?" ಅಂತ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಹತ್ರ ತಿಳಿ ನೇರಳೆ, ಎಸಳು ಸುರುಳಿ ಇರೋದು ಇದೆಯಾ ಕೇಳು, ನಂದು ಹೋಗಿ ನಾಲ್ಕು ವರ್ಷ ಆಯ್ತು" ಅಂದ್ರು. ಅಷ್ಟೇ. ಬನಿಯನ್ ವಿಷಯಕ್ಕೆ ಮಾತ್ರ ಮಗನಿಗೆ ಬೈದ್ರು.

ಇದೆಯಾ?

ಡೇರೆ ಬುಟ್ಟಿ:
ಇದೆ. ಎರಡು ಗೆಡ್ಡೆ ಎತ್ತಿಡ್ತೀನಿ, ಎರಡಕ್ಕೂ ಕಣ್ಣಿದೆ, ದುಡ್ಡು ಬೇಡ. ಭಾನುವಾರ ಬನ್ನಿ. ಡಬ್ಬ ತನ್ನಿ. ಖಾಲಿ ತರ್ಬೇಡಿ.

ಸಿರಸಿಸೀಮೆ:
ಎಸಳು ಸುರುಳಿ ತಿಳಿ ನೇರಳೆಯಾ? ನನ್ನ ಹತ್ರನೂ ಇಲ್ಲ. ಮೂರು ಗೆಡ್ಡೆ ಎತ್ತಿಡು ತಂಗೀ, ಬಸ್ಸಿಗೆ ಹಾಕಿ ಕಳಿಸಿದ್ರೆ ಸಾಕು. ಬದಲಿಗೆ ಏನು ಬೇಕು ಹೇಳು.

ಮೌನಿ:
ಬ್ರಹ್ಮಕಮಲದ ಎಲೆ...

ಹಿತ್ತಲಗಿಡ:
@ಮೌನಿ ಬನಶಂಕರಿ ಕಡೆ ಬಂದ್ರೆ ಎಷ್ಟು ಬೇಕಾದ್ರೂ ತಗೊಳ್ಳಿ. ಮೂಲ ಡೇರೆ ಬುಟ್ಟಿಯವರದ್ದು, ಇಲ್ಲೇ ಹೇಳಿಬಿಟ್ಟಿದೀನಿ.

ಧಾರವಾಡದಾಂವ:
ಯಾರಿಗರ ದಾಸವಾಳದ ಟೊಂಗಿ ಬೇಕನ್ರಿ? ಕೆಂಪು, ಐದ ಎಸಳಿಂದು. ಪುಕ್ಕಟೆ ಕೊಡ್ತೇನ್ರಿ, ಮೂರು ವಾರ ತಡೀರಿ ಅಷ್ಟ.